ಗೆರೆ ಎಳೆಯುತ್ತಿದ್ದಾಕೆ

ಹೋದ ತಿಂಗಳು ಒಂದು ಮಧ್ಯಾಹ್ನ ಫೋನು ಬಂತು. ಆ ಕಡೆ, ಎಷ್ಟೋ ವರ್ಷ ನನ್ನ ಪಕ್ಕದ ಮನೆಯಲ್ಲಿದ್ದಾಕೆಯ ಅಣ್ಣನ ಮಗಳು. "ಮಿಸ್, ಅತ್ತೆ ಹೋಗಿಬಿಟ್ರು. ಹದಿನೈದು ದಿನ ಆಯ್ತು, ನಿಮ್ಮ ನಂಬರ್ ಈಗ ಸಿಕ್ತು" ಎಂದಳು. ನನಗೆ ತಕ್ಷಣ ಕನ್ನಡವೇ ಹೊರಡಲಿಲ್ಲ. ಕಾನ್ವೆಂಟಿನಲ್ಲಿ ಕಲಿಸಿಕೊಟ್ಟಿದ್ದ 'ಐ ಆಮ್ ಸೋ ಸಾರಿ, ಮೈ ಡಿಯರ್' ಎಂಬ ಮಾತೇ ಬಾಯಿಗೆ ಬಂತು. ಅವಳು "ಪಾಪ, ಆ ಶುಗರ್ರು ಅವರ ಕಣ್ಣನ್ನೇ ತಿಂದುಬಿಡ್ತು ನೋಡಿ" ಎಂದಳು. ನಾನು ಹೌದಮ್ಮ ಎಂದೆ.

ಶುಗರ್ ಅಲ್ಲ. ಆಕೆಗೆ ಸಕ್ಕರೆ ಕಾಯಿಲೆ ಒಂದು ದಿನವೂ ಇರಲಿಲ್ಲ. ಆಕೆಯ ಕಣ್ಣಿಗೆ ಬಂದದ್ದು ಕ್ಷಯ. ಟಿಬಿ ಎಂದರೆ ಕೆಮ್ಮು, ಕಫ, ಎದೆಯ ಎಕ್ಸ್-ರೇ ಎಂದಷ್ಟೇ ತಿಳಿದಿದ್ದ ನನಗೂ ಅದು ಕಣ್ಣಿನೊಳಗೆ ಹೋಗಿ ಕೂರುತ್ತದೆ ಎಂದು ಗೊತ್ತಾದದ್ದು ಆಕೆಯಿಂದಲೇ. ಬಹಳ ವರ್ಷ ಈ ಸಂಗತಿ ಗೊತ್ತಿದ್ದವರು ಮೂರೇ ಜನ: ಆಕೆ, ಡಾಕ್ಟರು, ನಾನು. ಈಗ ಇಲ್ಲಿ ಬರೆಯುತ್ತಿರುವುದರಿಂದ ಹೆಸರನ್ನು ಬಿಡುತ್ತೇನೆ. ಹೇಗೂ ಆಕೆ ತಮ್ಮ ಹೆಸರನ್ನು ಪೂರ್ತಿ ಬರೆದದ್ದನ್ನು ನಾನು ನೋಡಿದ್ದೇ ಕಡಿಮೆ. ನಕ್ಷೆಗಳ ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ಚೌಕವಿರುತ್ತಿತ್ತು. ಡ್ರಾನ್ ಬೈ ಎನ್ನುವ ಕಡೆ ಎಂಜಿನಿಯರರ ಹೆಸರು, ಚೆಕ್ಡ್ ಬೈ ಎನ್ನುವ ಕಡೆ ಅವರಿಗಿಂತ ದೊಡ್ಡವರ ಹೆಸರು. ನಡುವೆ ಟ್ರೇಸ್ಡ್ ಬೈ ಎನ್ನುವ ಕಡೆ ಆಕೆಯ ಎರಡು ಇಂಗ್ಲಿಷ್ ಅಕ್ಷರ, ಅಷ್ಟೇ.

ನಾವಿಬ್ಬರೂ ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ, ಇನ್ನೊಂದು ರಸ್ತೆ ದಾಟಿದರೆ ತಿಲಕ್ ನಗರ ಎನ್ನುವ ಕಡೆ, ಒಂದೇ ಕಾಂಪೌಂಡಿನಲ್ಲಿ ಬಾಡಿಗೆಗಿದ್ದೆವು. ಮಾಲೀಕರು ಮೇಲೆ, ಕೆಳಗೆ ಎರಡು ಭಾಗದಲ್ಲಿ ನಾವು ಅಕ್ಕಪಕ್ಕ. ನಾನು ಹತ್ತಿರದ ಕಾನ್ವೆಂಟ್ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ನಾನು ಓದಿದ್ದೂ ಅಂಥದ್ದೇ ಶಾಲೆಯಲ್ಲಿ, ಸಿಸ್ಟರುಗಳ ಕೈಕೆಳಗೆ. ಆಕೆ ನನಗಿಂತ ಹತ್ತು ವರ್ಷ ಚಿಕ್ಕವರು, ಆಗ ನಲವತ್ತರ ಮೇಲೆ. ಇಬ್ಬರಿಗೂ ಮದುವೆಯಾಗಿರಲಿಲ್ಲ. ನಾನು ಆಕೆಗೆ ಪಾಠ ಹೇಳಿದವಳಲ್ಲ, ಆದರೂ ಬೀದಿಯ ಎಲ್ಲರಂತೆ ಆಕೆಯೂ ನನ್ನನ್ನು 'ಮಿಸ್' ಎಂದೇ ಕರೆಯುತ್ತಿದ್ದರು.

ಸರ್ಕಾರದ ಒಂದು ಎಂಜಿನಿಯರಿಂಗ್ ಆಫೀಸಿನಲ್ಲಿ ಆಕೆ ಟ್ರೇಸರ್. ಕಂಪ್ಯೂಟರ್ ಬಂದ ಮೇಲೆ ಹುಟ್ಟಿದವರಿಗೆ ಆ ಕೆಲಸವನ್ನು ವಿವರಿಸಿಯೇ ಹೇಳಬೇಕು. ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುವಾದ, ಆಚೆ ಕಾಣುವ ಕಾಗದವನ್ನು ಹಾಸಿ, ಕೆಳಗಿನ ಪ್ರತಿ ಗೆರೆಯನ್ನೂ ಕಪ್ಪು ಇಂಕಿನಲ್ಲಿ ಮತ್ತೆ ಎಳೆಯುವುದು. ಆಮೇಲೆ ಅದರಿಂದ ಎಷ್ಟು ಬೇಕೋ ಅಷ್ಟು ಪ್ರಿಂಟು ತೆಗೆಯುತ್ತಾರೆ. ಆ ಪ್ರಿಂಟಿನ ಅಮೋನಿಯಾ ಘಾಟು ಸಂಜೆ ಆಕೆ ಗೇಟು ತೆಗೆದು ಒಳಗೆ ಬರುವಾಗ ಸೀರೆಯಲ್ಲೇ ಬರುತ್ತಿತ್ತು. ಇಂಕು ಚೆಲ್ಲಿದರೆ ಅರ್ಧ ಬ್ಲೇಡಿನಿಂದ ಕಾಗದ ಹರಿಯದ ಹಾಗೆ ಕೆರೆಯುತ್ತಾರಂತೆ. ಇಪ್ಪತ್ತು ವರ್ಷದಲ್ಲಿ ತಾನು ಬ್ಲೇಡು ಮುಟ್ಟಿದ್ದು ಎಷ್ಟು ಸಲ ಎಂದು ಬೆರಳಲ್ಲಿ ಎಣಿಸಬಹುದು ಎನ್ನುತ್ತಿದ್ದರು.

"ಎಂಜಿನಿಯರ್ ತಪ್ಪು ಮಾಡಿದ್ರೆ ಆ ತಪ್ಪನ್ನೂ ನಾವು ನೀಟಾಗಿ ಎಳೀಬೇಕು, ಮಿಸ್. ತಿದ್ದೋದು ನಮ್ಮ ಕೆಲಸ ಅಲ್ಲ."

ಒಮ್ಮೆ ಒಂದು ಮೋರಿಯನ್ನು ಯಾರೋ ತಗ್ಗಿನಿಂದ ದಿಣ್ಣೆಗೆ ನೀರು ಹತ್ತುವ ಹಾಗೆ ಬರೆದಿದ್ದರಂತೆ. ಈಕೆಗೆ ಮೊದಲ ನೋಟಕ್ಕೇ ಗೊತ್ತಾಯಿತು. ಹಾಗೆಯೇ ಎಳೆದು, ಬಾಣದ ಗುರುತನ್ನೂ ದಿಣ್ಣೆಯ ಕಡೆಗೇ ಹಾಕಿ ಕಳಿಸಿದರು. ತಿಂಗಳಾದ ಮೇಲೆ ಕಾಗದ ತಿರುಗಿ ಬಂತು, ಮತ್ತೆ ಎಳೆದರು. ಹೇಳಬಾರದಿತ್ತೇ ಎಂದು ಕೇಳಿದರೆ, "ಕೇಳಿದ್ರೆ ಹೇಳ್ತಿದ್ದೆ" ಎಂದರು. ನನ್ನ ಕೆಲಸವೋ ಬೆಳಗಿನಿಂದ ಸಂಜೆಯವರೆಗೆ ಕೆಂಪು ಇಂಕಿನಲ್ಲಿ ತಿದ್ದುವುದು. ಕಾಂಪೊಸಿಷನ್ ಬುಕ್ಕುಗಳ ರಾಶಿ ಮುಂದಿಟ್ಟುಕೊಂಡು ನಾನು, ಅವರೆಕಾಯಿ ಮೊರ ಮುಂದಿಟ್ಟುಕೊಂಡು ಆಕೆ, ಹಿಂದಿನ ಕಟ್ಟೆಯ ಮೇಲೆ ಭಾನುವಾರ ಕೂರುತ್ತಿದ್ದೆವು.

ಆಕೆಯ ನೇರ ಗೆರೆಯ ಚಟ ಆಫೀಸಿಗೆ ನಿಲ್ಲುತ್ತಿರಲಿಲ್ಲ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ತರಕಾರಿಗೆ ಹೊರಟರೆ ದಾರಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಯಾರದೋ ಹೊಸ ಕಾಂಪೌಂಡು ಮುಂದೆ ಬಂದಿದೆ ಎನ್ನುತ್ತಿದ್ದರು. ಕೊಬ್ಬರಿ ಮಿಠಾಯಿಯನ್ನು ತಟ್ಟೆಯಲ್ಲಿ ಕತ್ತರಿಸಿದರೆ ಒಂದು ಚೂರಿಗೂ ಇನ್ನೊಂದಕ್ಕೂ ನೂಲಿನಷ್ಟೂ ವ್ಯತ್ಯಾಸವಿಲ್ಲ. ಸಿಹಿ ಎಂದರೆ ಆಕೆಗೆ ಪ್ರಾಣ. ಕಾಲೇಜಿಗೆಂದು ಹಾಸನದಿಂದ ಬಂದು ಜೊತೆಯಲ್ಲಿದ್ದ ಅಣ್ಣನ ಮಗಳು ರೇಗಿಸುತ್ತಿದ್ದಳು: "ಮಿಸ್, ನಮ್ಮತ್ತೆ ಚಪಾತಿಗೂ ಕಂಪಾಸ್ ಇಡ್ತಾರೆ. ಹೊಟ್ಟೆಗೆ ಹೋದ್ಮೇಲೆ ಯಾರು ಅಳೀತಾರೆ ಕೇಳಿ." ಆಕೆ ನಗುತ್ತಿದ್ದರು. ಬಾಯಿ ಬಿಟ್ಟು ನಗುವ ಹೆಂಗಸಲ್ಲ. ತುಟಿಯ ಒಂದು ಮೂಲೆ ಮಾತ್ರ ಮೇಲಕ್ಕೆ ಹೋಗುತ್ತಿತ್ತು.

ಚಳಿಗಾಲದ ಅಂಥ ಒಂದು ಭಾನುವಾರ ನೆನೆಸಿದ ಅವರೆಕಾಳನ್ನು ಇಬ್ಬರೂ ಹಿಚುಕುತ್ತಿದ್ದೆವು. ಆ ಕೆಲಸಕ್ಕೆ ಕಣ್ಣು ಬೇಡ, ಬೆರಳು ಸಾಕು. ಹಾಗಾಗಿಯೋ ಏನೋ, ಎತ್ತಲೋ ನೋಡುತ್ತ ಮನಸ್ಸಿನಲ್ಲಿರುವುದನ್ನು ಹೇಳಿಬಿಡಬಹುದು. ಆಕೆ ತಮ್ಮ ತಾಯಿಯ ವಿಷಯ ಹೇಳಿದರು. ತಾಯಿ ಹಿತ್ತಲ ಕೋಣೆಯಲ್ಲಿ ಎರಡು ವರ್ಷ ಮಲಗಿದ್ದರಂತೆ. ಊಟದ ತಟ್ಟೆ ಒಯ್ಯುವುದು, ಕಫದ ಡಬ್ಬಿ ಚೆಲ್ಲುವುದು, ಪಾತ್ರೆಗಳನ್ನು ಬೇರೆ ಒಲೆಯಲ್ಲಿ ಕುದಿಸುವುದು ಎಲ್ಲ ಹದಿನಾಲ್ಕು ವರ್ಷದ ಈಕೆಯ ಪಾಲಿಗೆ. ಕ್ಷಯ. ಮನೆಯವರು ಮಾತ್ರ ಅಸ್ತಮಾ ಎಂದು ಹೇಳಿಕೊಂಡು ಬಂದರು, ಇವತ್ತಿಗೂ ಹಾಗೆಯೇ. ಈಕೆಗೆ ಗಂಡು ನೋಡುವಾಗ ಮೂರು ಕಡೆಯವರು ಒಪ್ಪಿದರು. ಮೂರು ಕಡೆಯವರಿಗೂ ಯಾರೋ ಅಸ್ತಮಾ ಅಲ್ಲ ಎಂದು ಹೇಳಿದರು. ನಾಲ್ಕನೆಯವರು ಬರಲೇ ಇಲ್ಲ.

"ಅಣ್ಣನ ಮಗಳಿಗೆ ಇದು ಗೊತ್ತಿಲ್ಲ, ಮಿಸ್. ಗೊತ್ತಾಗೋದೂ ಬೇಡ" ಎಂದರು. ನಾನು ಆಣೆ ಪ್ರಮಾಣ ಮಾಡುವವಳಲ್ಲ. ಆಫ್ ಕೋರ್ಸ್ ನಾಟ್ ಎಂದೆ. ಅಷ್ಟೇ ಸಾಕಾಯಿತು ಆಕೆಗೆ.

ತೊಂಬತ್ತರ ದಶಕದ ನಡುವೆ ಒಂದು ವರ್ಷ, ಬೇಸಿಗೆ ರಜೆಯಲ್ಲಿ, ಆಕೆ ಹೊಸ ಸ್ಕೇಲು ಕೊಂಡು ತಂದರು. ಎರಡು ದಿನಕ್ಕೆ ಅದನ್ನು ಹಿಂದಕ್ಕೆ ಕೊಡಲು ಹೊರಟರು, ನಾನೂ ಜೊತೆಗೆ ಹೋದೆ. ಸ್ಕೇಲು ನಡುವೆ ಬಗ್ಗಿದೆ ಎಂದು ಆಕೆ, ಕಂಪನಿ ಮಾಲು ಮೇಡಂ ಎಂದು ಅಂಗಡಿಯವನು. ಕೊನೆಗೆ ಅವನು ಇನ್ನೊಂದು ಸ್ಕೇಲು ತೆಗೆದು ಎರಡರ ಅಂಚನ್ನೂ ಕೂಡಿಸಿ ಬೆಳಕಿಗೆ ಹಿಡಿದ. ನಡುವೆ ಕೂದಲು ತೂರುವಷ್ಟೂ ಸಂದಿಲ್ಲ. ಆಕೆ ನೋಡಿದರು. "ಎರಡೂ ಬಗ್ಗಿದೆ" ಎಂದರು. ಅಂಗಡಿಯವನು ನನ್ನ ಮುಖ ನೋಡಿದ. ಇಪ್ಪತ್ತು ವರ್ಷ ಗೆರೆಯನ್ನು ನಂಬಿದ ಹೆಂಗಸು ಮೊದಲು ಸ್ಕೇಲನ್ನು ಅನುಮಾನಿಸಿದರು, ಆಮೇಲೆ ಆಫೀಸಿನ ಬೋರ್ಡನ್ನು, ಆಮೇಲೆ ಕಿಟಕಿಯ ಬೆಳಕನ್ನು. ತಮ್ಮ ಕಣ್ಣನ್ನು ಅನುಮಾನಿಸಿದ್ದು ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಬಲಗಣ್ಣು ಕೆಂಪಾಗಿತ್ತು, ಬಿಸಿಲಿಗೆ ಹೋದರೆ ನೀರು ಸುರಿಯುತ್ತಿತ್ತು, ಇಂಕು ಸಿಡಿದ ಹಾಗೆ ಕಪ್ಪು ಚುಕ್ಕೆಗಳು ಕಣ್ಣ ಮುಂದೆ ಈಜಾಡುತ್ತಿದ್ದವಂತೆ.

ಕಣ್ಣಿನ ಆಸ್ಪತ್ರೆಗೆ ಮೂವರೂ ಹೋದೆವು, ಆಕೆ, ಅಣ್ಣನ ಮಗಳು, ನಾನು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ತಾಳ್ಮೆಯ ಮನುಷ್ಯ. ಕಣ್ಣಿನೊಳಗೆ ಉರಿಯೂತವಿದೆ, ಅದಕ್ಕೆ ಕಾರಣ ಎಲ್ಲಿಂದಲಾದರೂ ಬರಬಹುದು ಎಂದು ಹೇಳಿ, ಸಂಬಂಧವೇ ಇಲ್ಲದಂತೆ ತೋರುವ ಪ್ರಶ್ನೆಗಳನ್ನು ಕೇಳುತ್ತ ಹೋದರು. ಮನೆಯಲ್ಲಿ ಬೆಕ್ಕಿದೆಯೇ? ಬೆಳಗ್ಗೆ ಎದ್ದಾಗ ಬೆನ್ನು ಹಿಡಿಯುತ್ತದೆಯೇ? ಬಾಯಲ್ಲಿ ಹುಣ್ಣೇಳುತ್ತದೆಯೇ? ಅಣ್ಣನ ಮಗಳಿಗೆ ಬೆಕ್ಕಿನ ಪ್ರಶ್ನೆಗೆ ನಗು ಬಂತು. ಆಮೇಲೆ, ಅದೇ ದನಿಯಲ್ಲಿ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ ಎಂದು ಕೇಳಿದರು.

"ಛೆ, ಇಲ್ಲ ಡಾಕ್ಟ್ರೇ. ನಮ್ಮನೇಲಿ ಅಂಥದ್ದೆಲ್ಲ ಇಲ್ಲ" ಎಂದುಬಿಟ್ಟರು ಆಕೆ.

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ ಅದು. ಹಿಂದಿನ ವಾರವಷ್ಟೇ ಬನಶಂಕರಿಯಿಂದ ಗಂಡಿನ ಕಡೆಯ ದೊಡ್ಡಮ್ಮ ಒಬ್ಬರು ಹುಡುಗಿಯನ್ನು ನೋಡಲು ಬಂದಿದ್ದರು. ಉಪ್ಪಿಟ್ಟಿನ ತಟ್ಟೆ ಕೆಳಗಿಡುತ್ತ, ನಿಮ್ಮ ಕಡೆ ಕಾಯಿಲೆ ಗೀಯಿಲೆ ಏನಾದರೂ ಎಂದು ಅವರು ಎಳೆದಾಗಲೂ ಈಕೆ ಇದೇ ದನಿಯಲ್ಲಿ ಇಲ್ಲ ಎಂದಿದ್ದರು. ಆ ಪ್ರಶ್ನೆಯನ್ನು ಯಾರು ಕೇಳಿದರೂ ಆಕೆಗೆ ಅವರು ಗಂಡಿನ ಕಡೆಯವರೇ. ಪಕ್ಕದಲ್ಲಿ ಆ ಹುಡುಗಿ ಬೇರೆ ಕೂತಿದ್ದಳು.

ನಾನೂ ಕೂತಿದ್ದೆ. ಟೀಚರಾದವಳಿಗೆ ಮೇಜಿನ ಆಚೆ ಕಡೆಯ ಬರಹವನ್ನು ತಲೆಕೆಳಗಾಗಿ ಓದುವ ಅಭ್ಯಾಸವಿರುತ್ತದೆ. ಡಾಕ್ಟರು ಆ ಸಾಲಿನ ಮುಂದೆ 'ನಿಲ್' ಎಂದು ಬರೆದದ್ದನ್ನು ಓದಿದೆ. ಬಾಯಿ ತೆರೆಯಬೇಕು ಅನ್ನಿಸಿತು. ಆದರೆ ಇನ್ನೊಬ್ಬರ ಮನೆಯ ವಿಷಯದಲ್ಲಿ ನಾವಾಗಿ ಮಾತಾಡಬಾರದು, ಇಟ್ ಈಸ್ ನಾಟ್ ನೈಸ್, ಚೈಲ್ಡ್ ಎಂದು ನಮ್ಮ ಸಿಸ್ಟರು ಎಂಟು ವರ್ಷದವಳಿಗೆ ಹೇಳಿದ್ದು ಐವತ್ತೈದರಲ್ಲೂ ಬಿಟ್ಟಿರಲಿಲ್ಲ. ಹೊರಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಹೊರಗೆ ಬಂದ ಮೇಲೆ ಹುಡುಗಿ ಜೊತೆಗಿದ್ದಳು. ಮನೆಗೆ ಬಂದ ಮೇಲೆ, ಅದಕ್ಕೂ ಕಣ್ಣಿಗೂ ಏನು ಸಂಬಂಧ ಎಂದು ನನಗೇ ಸಮಾಧಾನ ಹೇಳಿಕೊಂಡೆ. ಎದೆಯ ಎಕ್ಸ್-ರೇ ಕೂಡ ಸ್ವಚ್ಛವಾಗಿ ಬಂತು. ಹಾಗೆ ಆ ಮಾತು ಉಳಿದುಹೋಯಿತು.

ಸ್ಟೆರಾಯ್ಡ್ ಹನಿ, ಸ್ಟೆರಾಯ್ಡ್ ಮಾತ್ರೆ. ತಿಂಗಳೊಳಗೆ ಗೆರೆ ನೆಟ್ಟಗಾಯಿತು ಎಂದರು. ಮುಖ ತುಂಬಿಕೊಂಡಿತು. ಮಾತ್ರೆ ಕಡಿಮೆ ಮಾಡುತ್ತ ಬಂದಂತೆ ಗೆರೆ ಮತ್ತೆ ಬಗ್ಗಿತು. ಮತ್ತೆ ಮಾತ್ರೆ, ಮತ್ತೆ ನೆಟ್ಟಗೆ, ಮತ್ತೆ ಬಾಗು. ಒಂದು ವರ್ಷದಲ್ಲಿ ಮೂರು ಸಲ ಹೀಗಾಗಿ, ಮೂರನೆಯ ಸಲ ಬಲಗಣ್ಣು ಚೇತರಿಸಿಕೊಳ್ಳಲಿಲ್ಲ. ಮೊದಲು ನಡುವೆ ಒಂದು ಹೊಗೆಯ ಬಿಲ್ಲೆ ಕಾಣುತ್ತಿತ್ತಂತೆ, ಆಮೇಲೆ ಬಿಲ್ಲೆ ದೊಡ್ಡದಾಗಿ ಅದೇ ಉಳಿಯಿತು. ಆಫೀಸಿನಲ್ಲಿ ಎಡಗಣ್ಣೊಂದರಲ್ಲೇ ಎಳೆಯುತ್ತಿದ್ದರು. ಯಾರಾದರೂ ಕೇಳಿದರೆ ಶುಗರ್ ಎನ್ನುತ್ತಿದ್ದರು, ಅಣ್ಣನ ಮಗಳಿಗೂ ಅದನ್ನೇ ಹೇಳಿದ್ದರು. ಶುಗರ್ ಎಂದರೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ತಮಗೂ ಇದೆ ಎಂದು ತಮ್ಮದನ್ನು ಹೇಳಲು ಶುರು ಮಾಡುತ್ತಾರೆ.

ಆಗ ಅಣ್ಣನ ಮಗಳ ಮದುವೆ ನಿಶ್ಚಯವಾಯಿತು, ಅದೇ ಬನಶಂಕರಿಯ ಕಡೆಗೆ. ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ನನಗೆ ಮೊದಲ ಪತ್ರಿಕೆ ಕೊಡಲು ಆಕೆ ಬಂದರು. ನನ್ನ ಟೇಬಲ್ಲಿನ ಮೇಲೆ ಮಕ್ಕಳ ರೂಲು ಹಾಕಿದ ನೋಟುಬುಕ್ಕು ತೆರೆದಿತ್ತು. ಆಕೆ ಅದನ್ನು ನೋಡಿದರು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಮತ್ತೆ ನೋಡಿದರು. ಬುಕ್ಕು ಮಡಿಸಿದರು. ನನಗೆ ಅರ್ಥವಾಯಿತು. ಎಡಗಣ್ಣಿನ ಗೆರೆಯೂ ಬಗ್ಗಲು ಶುರುವಾಗಿತ್ತು.

ತಾಯಿಯ ವಿಷಯ ಡಾಕ್ಟರಿಗೆ ಹೇಳಿ ಎಂದು ಬೇಡಿಕೊಂಡೆ. ಕಣ್ಣಿಗೂ ಅದು ಬರುವುದುಂಟೋ ಇಲ್ಲವೋ ನಮಗೇನು ಗೊತ್ತು, ಅವರು ಸುಮ್ಮನೆ ಕೇಳಿರಲಾರರು ಎಂದೆ. ಆಕೆ ಲಗ್ನಪತ್ರಿಕೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದರು. "ಇನ್ನೆರಡು ತಿಂಗಳು, ಮಿಸ್. ಧಾರೆ ಆಗಿಹೋಗ್ಲಿ. ಆಮೇಲೆ ನೀವು ಹೇಳಿದ ಹಾಗೆ." ಮಾತ್ರೆ ಚೀಟಿಯಲ್ಲಿ ಬರೆದರೆ ಮೆಡಿಕಲ್ ಶಾಪಿನವನಿಗೆ ಗೊತ್ತಾಗುತ್ತದೆ, ಅವನ ಹೆಂಡತಿಗೆ ಗೊತ್ತಾಗುತ್ತದೆ, ಅಲ್ಲಿಂದ ಬನಶಂಕರಿಗೆ ಎಷ್ಟು ದೂರ ಎಂದರು. ಎರಡು ತಿಂಗಳು ಆ ಕಣ್ಣು ಕಾಯುತ್ತದೆಯೇ ಎಂದು ಕೇಳಿದೆ. "ನಂಗಾದದ್ದು ಅವಳಿಗೆ ಆಗಬಾರದು" ಎಂದು ಎದ್ದುಹೋದರು.

ಮರುವಾರ ಆಸ್ಪತ್ರೆಗೆ ನಾವಿಬ್ಬರೇ ಹೋದೆವು. ಹುಡುಗಿ ಸೀರೆ ತೆಗೆಯಲು ಹೋಗಿದ್ದಳು. ಡಾಕ್ಟರು ಎಡಗಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಮತ್ತೆ ಸ್ಟೆರಾಯ್ಡ್ ಬರೆಯಲು ಪೆನ್ನು ತೆಗೆದರು. ಆಗ ನಾನು ಇಂಗ್ಲಿಷಿನಲ್ಲಿ, ಒಂದೇ ಸೆಂಟೆನ್ಸಿನಲ್ಲಿ, ಇವರ ತಾಯಿ ಟಿಬಿಯಿಂದ ಸತ್ತರು, ಹದಿನಾಲ್ಕನೆಯ ವಯಸ್ಸಿನಲ್ಲಿ ಇವರೇ ಎರಡು ವರ್ಷ ಆರೈಕೆ ಮಾಡಿದರು ಎಂದೆ. ಇಂಗ್ಲಿಷಿನಲ್ಲಿ ಹೇಳಿದರೆ ಆಕೆಗೆ ಅಷ್ಟು ನೋವಾಗುವುದಿಲ್ಲ ಎಂದು ಯಾಕೆ ಅಂದುಕೊಂಡೆನೋ. ಟಿಬಿ ಎನ್ನುವ ಎರಡಕ್ಷರ ಯಾವ ಭಾಷೆಯಲ್ಲೂ ಒಂದೇ.

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಮುಂಗೈಗೆ ಒಂದು ಸಣ್ಣ ಇಂಜೆಕ್ಷನ್ ಕೊಟ್ಟು ಮೂರನೆಯ ದಿನ ಬರಹೇಳಿದರು. ಮೂರನೆಯ ದಿನ ಅಲ್ಲಿ ಕೆಂಪಗೆ, ಗಟ್ಟಿಯಾಗಿ, ಅಗಲವಾಗಿ ಊದಿತ್ತು. ಎಂದೋ ತಾಯಿಯಿಂದ ಬಂದು ಮೈಯಲ್ಲಿ ಮಲಗಿದ್ದ ರೋಗಾಣು ಈಗ ಕಣ್ಣಿನಲ್ಲಿ ಎದ್ದಿರಬೇಕು ಎಂದು ವಿವರಿಸಿದರು. ಇಷ್ಟು ದಿನ ಹೊಗೆಯನ್ನು ಓಡಿಸುತ್ತಿದ್ದೆವು, ಬೆಂಕಿಯನ್ನು ಆರಿಸಿರಲಿಲ್ಲ ಎಂದರು. ಕಣ್ಣಿನದು ಯಾರಿಗೂ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ, ಒಂಬತ್ತು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ತೆಗೆದುಕೊಳ್ಳಬೇಕು, ಎಡಗಣ್ಣು ಉಳಿಯಬಹುದು. ಬಲಗಣ್ಣಿನ ಬಗ್ಗೆ ನಾನೇ ಕೇಳಿದೆ. "ಮೊದಲೇ ಗೊತ್ತಾಗಿದ್ದರೆ..." ಎಂದು ಶುರು ಮಾಡಿ ಅವರು ಅಲ್ಲಿಗೇ ನಿಲ್ಲಿಸಿದರು.

ಆಟೋದಲ್ಲಿ ಆಕೆ, ನಮ್ಮ ರಸ್ತೆಯ ತಿರುವು ಬಂದಾಗ, ಹೊರಗೆ ನೋಡುತ್ತಲೇ ಹೇಳಿದರು: "ಹೇಳಿದ್ದಕ್ಕೆ ನಂಗೆ ಸಿಟ್ಟಿಲ್ಲ, ಮಿಸ್. ಆದ್ರೆ ಹೋದ ವರ್ಷಾನೂ ನೀವು ಅಲ್ಲೇ ಕೂತಿದ್ರಿ."

ಅದು ನ್ಯಾಯವಾದ ಮಾತಲ್ಲ ಎಂದು ಆ ದಿನ ಅನ್ನಿಸಿತು. ಆಮೇಲೆ ಎಷ್ಟೋ ದಿನ ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ತಿದ್ದುವುದಕ್ಕೆ ಏನೂ ಸಿಗುವುದಿಲ್ಲ.

ಮಾತ್ರೆಗಳನ್ನು ನಾನು ಕೋರಮಂಗಲದ ಕಡೆ, ನಮ್ಮನ್ನು ಯಾರೂ ಅರಿಯದ ಅಂಗಡಿಯಿಂದ ತಂದುಕೊಡುತ್ತಿದ್ದೆ. ಆಕೆ ಬಾಗಿಲಲ್ಲೇ ತೆಗೆದುಕೊಂಡು ಥ್ಯಾಂಕ್ಸ್ ಎನ್ನುತ್ತಿದ್ದರು. ಹಿಂದೆ ಎಂದೂ ಆಕೆ ನನಗೆ ಥ್ಯಾಂಕ್ಸ್ ಹೇಳಿದವರಲ್ಲ. ಅದರಲ್ಲೊಂದು ಮಾತ್ರೆ ಕೆಂಪು ಹಸಿರಿನ ಗುರುತನ್ನು ಕೆಡಿಸಬಹುದು, ಹಾಗೇನಾದರೂ ಆದರೆ ಅದೇ ದಿನ ಬನ್ನಿ ಎಂದು ಡಾಕ್ಟರು ಹೇಳಿದ್ದರಿಂದ, ಆಕೆ ಕಿಟಕಿಯಲ್ಲಿ ಒಂದು ಕೆಂಪು ಬಳೆ ಒಂದು ಹಸಿರು ಬಳೆ ಇಟ್ಟುಕೊಂಡು ದಿನಾ ಬೆಳಗ್ಗೆ ನೋಡುತ್ತಿದ್ದರು. ನಾನು ಶಾಲೆಗೆ ಹೊರಡುವಾಗ ಆ ಕಿಟಕಿ ದಾಟಿಯೇ ಹೋಗಬೇಕು. ಆಕೆ ತಲೆ ಎತ್ತುತ್ತಿರಲಿಲ್ಲ. ಬಳೆಗಳನ್ನು ಸ್ಥಳ ಬದಲಿಸಿ, ಒಂದು ಕಣ್ಣು ಮುಚ್ಚಿ, ಮತ್ತೆ ನೋಡುತ್ತಿದ್ದರು.

ಮದುವೆ ಬನಶಂಕರಿಯ ಒಂದು ಛತ್ರದಲ್ಲಿ ಆಯಿತು. ಇನ್ನೊಂದು ಮಾತ್ರೆ ಮೈಯ ನೀರನ್ನೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ, ಕಣ್ಣೀರನ್ನೂ. ಧಾರೆಯ ಹೊತ್ತಿಗೆ ಆಕೆ ಅತ್ತರು. ಬಿಳಿ ಕರ್ಚೀಫಿನ ಮೇಲೆ ತಿಳಿ ಕೇಸರಿ ಕಲೆ. ಹಾಸನದ ಅತ್ತಿಗೆ ಇದೇನು ಎಂದು ಕರ್ಚೀಫು ಬಿಡಿಸಿ ನೋಡಿದಾಗ, "ಕುಂಕುಮ ಹತ್ತಿರಬೇಕು, ಅತ್ತಿಗೆ" ಎಂದರು. ಮೂರು ಸಾಲು ಆಚೆ ಕೂತಿದ್ದ ನನ್ನ ಕಡೆ ಒಮ್ಮೆ ನೋಡಿದ ಹಾಗಿತ್ತು. ಅಷ್ಟು ದೂರದ ಮುಖ ಆಕೆಗೆ ಕಾಣುತ್ತಿತ್ತೋ ಇಲ್ಲವೋ ನನಗೆ ತಿಳಿಯದು.

ಊಟಕ್ಕೆ ಮಾತ್ರ ನಮ್ಮಿಬ್ಬರ ಎಲೆ ಅಕ್ಕಪಕ್ಕ ಬಿದ್ದವು. ಹೋಳಿಗೆ ಬಂತು. ಬಡಿಸುವವರು ಆಕೆಯ ಎಲೆಯ ಮೇಲೆ ಕೈ ತಂದರು, ಆ ಕಡೆಯಿಂದ ಅತ್ತಿಗೆ ಕೂಗಿ ಹೇಳಿದರು, ಅವರಿಗೆ ಬೇಡ, ಶುಗರ್ ಇದೆ. ಹೋಳಿಗೆ ಮುಂದಕ್ಕೆ ಹೋಯಿತು. ಅದೇ ಮೊದಲು. ಆಮೇಲೆ ಜೀವಮಾನ ಪೂರ್ತಿ ಯಾರ ಮನೆಗೆ ಹೋದರೂ ಆಕೆಗೆ ಸಪ್ಪೆ ಕಾಫಿ, ಎಲೆಯ ತುದಿ ಖಾಲಿ. ತಮ್ಮ ಸುಳ್ಳಿಗೆ ತಾವೇ ನಿಯತ್ತಾಗಿದ್ದರು. ಆ ದಿನ ನಾನು ನನ್ನ ಹೋಳಿಗೆಯಲ್ಲಿ ಅರ್ಧ ಮುರಿದು ಆಕೆಯ ಎಲೆಯ ಅಂಚಿಗೆ ಜಾರಿಸಿದೆ. ಆಕೆ ಬೆರಳಿಂದ ಮುಟ್ಟಿ ನೋಡಿ, ಅನ್ನದ ಕೆಳಗೆ ಬಚ್ಚಿಟ್ಟು ತಿಂದರು. ರಾಜಿ ಎಂದರೆ ಅಷ್ಟೇ ನಮ್ಮದು. ಆದರೆ ಮೊದಲಿನ ಹಾಗೆ ಆಗಲಿಲ್ಲ.

ಎಡಗಣ್ಣು ಅರ್ಧ ಉಳಿಯಿತು. ಮುಖ, ಗೋಡೆ, ಬಸ್ಸು ಕಾಣುತ್ತಿತ್ತು. ಗೆರೆ ಕಾಣುತ್ತಿರಲಿಲ್ಲ. ಆಫೀಸಿನಲ್ಲಿ ಟಪಾಲು ವಿಭಾಗಕ್ಕೆ ಹಾಕಿದರು, ಕವರುಗಳಿಗೆ ಗೋಂದು ಹಚ್ಚುವ ಕೆಲಸ. ಅಷ್ಟರಲ್ಲಿ ಕಂಪ್ಯೂಟರ್ ಬಂತು, ಟ್ರೇಸರುಗಳೇ ಬೇಡವಾದರು. ಹೇಗೂ ಹೋಗುವ ಕೆಲಸವೇ ಹೋಯ್ತಲ್ಲ ಎಂದು ಹೇಳಿ ತುಟಿಯ ಮೂಲೆಯಲ್ಲಿ ನಕ್ಕರು. ಸ್ವಯಂ ನಿವೃತ್ತಿ ತೆಗೆದುಕೊಂಡು ಚಿಕ್ಕಲಸಂದ್ರದಲ್ಲಿ ಒಂದು ಕೋಣೆ ಒಂದು ಅಡುಗೆಮನೆಯ ಜಾಗಕ್ಕೆ ಹೋದರು. ಬಾಡಿಗೆ ಕಡಿಮೆ ಎಂದರು. ಅಲ್ಲಿ ಯಾರಿಗೂ ತಾನು ಗೊತ್ತಿಲ್ಲ ಎಂಬುದು ನಿಜವಾದ ಕಾರಣ ಎಂದು ನನ್ನ ಊಹೆ.

ತಿಂಗಳಿಗೊಮ್ಮೆ ಬಸ್ಸು ಹಿಡಿದು ನಾನು ಹೋಗುತ್ತಿದ್ದೆ. ವರ್ಷ ಕಳೆದಂತೆ ಎಡಗಣ್ಣೂ ಮಬ್ಬಾಗುತ್ತ ಬಂದು, ಮನೆಯೊಳಗೆ ಆಕೆ ಎಲ್ಲವನ್ನೂ ಗೇಣಿನಲ್ಲಿ ಅಳೆದಿಟ್ಟಿದ್ದರು. ಒಲೆಯಿಂದ ಎರಡು ಗೇಣಿಗೆ ಉಪ್ಪು, ಮೂರು ಗೇಣಿಗೆ ಸಾರಿನ ಪುಡಿ. ನಾನು ಡಬ್ಬಿಯನ್ನು ಎತ್ತಿ ಬೇರೆ ಕಡೆ ಇಟ್ಟರೆ ಆಕೆಗೆ ಕೋಪ ಬರುತ್ತಿತ್ತು. ಗೋಡೆಯ ಮೇಲೆ ಅಂಗೈ ಆಡಿಸಿ, ಮೇಸ್ತ್ರಿ ತೂಗುಗುಂಡು ಹಿಡಿದೇ ಇಲ್ಲ ಎನ್ನುತ್ತಿದ್ದರು. ನಾನು ಕಾಫಿ ಮಾಡಿ ಸಕ್ಕರೆ ಎರಡು ಚಮಚ ಹಾಕಿ ಕೊಡುತ್ತಿದ್ದೆ. ಬಾಗಿಲು ಮುಂದೆ ಮಾಡಿ ಕುಡಿಯುತ್ತಿದ್ದರು. ಬಿಳಿ ಕೋಲು ಹಿಡಿಯಿರಿ ಎಂದರೆ ಕೇಳಲಿಲ್ಲ. ಕೋಲು ಹಿಡಿದರೆ ಯಾಕಾಯಿತು ಎಂದು ಕೇಳುತ್ತಾರಂತೆ. ಅಣ್ಣನ ಮಗಳು ಹಬ್ಬಕ್ಕೆ ಬಂದು ಹೋಗುತ್ತಿದ್ದಳು, ಶುಗರ್-ಫ್ರೀ ಬಿಸ್ಕತ್ತು ತರುತ್ತಿದ್ದಳು. ಒಳ್ಳೆಯ ಹುಡುಗಿ. ನಾನು ಹೊರಡುವಾಗ ಆಕೆ ಗೇಟಿನವರೆಗೂ ಬರುತ್ತಿದ್ದರು. ನಾನು ತಿರುವು ದಾಟಿದ ಮೇಲೂ, ನಾನಿದ್ದ ಕಡೆ ಎಂದುಕೊಂಡ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಿದ್ದರು. ಒಮ್ಮೆ ತಿರುಗಿ ನೋಡಿದವಳು ಆಮೇಲೆ ನೋಡುವುದನ್ನೇ ಬಿಟ್ಟೆ.

ಇಷ್ಟನ್ನು ಬರೆಯಲು ನನಗೆ ಧೈರ್ಯ ಬಂದದ್ದು ಒಂದು ದಿನದ ಕಾರಣದಿಂದ. ವರ್ಷಕ್ಕೊಮ್ಮೆ ಕಣ್ಣು ತೋರಿಸಲು ನಾವು ಅದೇ ಆಸ್ಪತ್ರೆಗೆ ಹೋಗುತ್ತಿದ್ದೆವು. ಆ ಸಲ ಕಾರಿಡಾರಿನಲ್ಲಿ ಬಹಳ ಜನ. ಆಕೆ ನಡುವೆ, ಎಡಕ್ಕೆ ನಾನು. ಬಲಕ್ಕೆ ಒಬ್ಬ ತಾಯಿ, ಅವರಾಚೆ ಕಾಲೇಜಿಗೆ ಹೋಗುವ ವಯಸ್ಸಿನ ಮಗಳು. ಹುಡುಗಿಯ ಒಂದು ಕಣ್ಣು ಕೆಂಪಗಾಗಿತ್ತು, ದುಪಟ್ಟದ ತುದಿಯಿಂದ ಒರೆಸಿಕೊಳ್ಳುತ್ತಿದ್ದಳು. ಕಲಿಯುವ ಡಾಕ್ಟರೊಬ್ಬರು ಹಾಳೆ ಹಿಡಿದು ಬಂದು ನಿಂತೇ ಪ್ರಶ್ನೆ ಕೇಳಿದರು. ಬೆಕ್ಕಿನದು, ಬೆನ್ನಿನದು, ಬಾಯಿಹುಣ್ಣಿನದು. ಆಮೇಲೆ ಟಿಬಿಯದು. ಹುಡುಗಿ ತಾಯಿಯ ಮುಖ ನೋಡಿದಳು. ಒಂದು ಕ್ಷಣ ತಡೆದು, ತಾಯಿ ಯಾರಿಗೂ ಇಲ್ಲ ಎಂದರು. ಡಾಕ್ಟರು ಬರೆದುಕೊಂಡು ಮುಂದಿನವರ ಹತ್ತಿರ ಹೋದರು.

ಆಕೆ ಬಲಕ್ಕೆ ತಿರುಗಿದರು. ಆ ಕಡೆಯ ಕಣ್ಣಿಗೆ ಏನೂ ಕಾಣುವುದಿಲ್ಲ, ಎಡಗಣ್ಣಿಗೂ ಆಗ ಬರೀ ಮಬ್ಬು. ದನಿ ಬಂದ ದಿಕ್ಕನ್ನು ಹಿಡಿದು, ಸಾಧಾರಣ ದನಿಯಲ್ಲಿ, ಆದರೆ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದರು:

"ಇದ್ರೆ ಹೇಳ್ಬಿಡಿ. ನಮ್ಮಮ್ಮಂಗೆ ಟಿಬಿ ಇತ್ತು. ನಾನು ಇಲ್ಲ ಅಂದೆ. ಈ ಕಣ್ಣು ಅದಕ್ಕೇ ಹೋಯ್ತು."

ಎದುರು ಸಾಲಿನ ಕುರ್ಚಿಗಳವರು ತಲೆ ಎತ್ತಿದರು. ಆ ತಾಯಿ ಆಕೆಯನ್ನು ನೋಡಿದರು, ಸೆರಗನ್ನು ಮೂಗಿಗೆ ತಂದುಕೊಂಡರು. ಎದ್ದು, ಮಗಳ ತೋಳು ಹಿಡಿದು, ಕಾರಿಡಾರಿನ ಆ ತುದಿಗೆ ಹೋಗಿ ಗೋಡೆಗೆ ಒರಗಿ ನಿಂತರು.

ಆಕೆಗೆ ಅದು ಕಾಣಲಿಲ್ಲ. ಹೇಳುತ್ತಲೇ ಹೋದರು, ಖಾಲಿ ಕುರ್ಚಿಗೆ. ಅದು ಅಂಟುವುದಿಲ್ಲ ಎಂದು, ಒಂಬತ್ತು ತಿಂಗಳ ಮಾತ್ರೆ ಅಷ್ಟೇ ಎಂದು, ಮೊದಲೇ ಗೊತ್ತಾದರೆ ಕಣ್ಣು ಉಳಿಯುತ್ತದೆ ಎಂದು, ಮದುವೆ ಎಲ್ಲಾ ಆಗುತ್ತದೆ, ಅದಕ್ಕೆ ಹೆದರಬೇಡಿ ಎಂದು. ಅಷ್ಟು ಮಾತನ್ನು ಆಕೆ ಒಟ್ಟಿಗೆ ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ನಾನು ಸದ್ದಾಗದ ಹಾಗೆ ಎದ್ದೆ, ಆಕೆಯ ಮುಂದಿನಿಂದ ಸುತ್ತಿ ಬಂದು, ಆ ಕುರ್ಚಿಯಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಆಕೆಯ ಮಾತು ನಿಂತಿತು. ಕೈ ಚಾಚಿ ನನ್ನ ಮೊಣಕೈ ಮುಟ್ಟಿದರು, ಸ್ವೆಟರಿನ ಉಣ್ಣೆ ಗೊತ್ತಾಯಿತು.

"ಮಿಸ್, ನೀವಾ? ಅವರೆಲ್ಲಿ?"

"ಒಳಗೆ ಕರೆದ್ರು" ಎಂದೆ.

"ಹೇಳ್ತಾರೆ ಅಲ್ವಾ?"

ಕಾರಿಡಾರಿನ ತುದಿಯಲ್ಲಿ ಆ ಹುಡುಗಿ ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದಳು, ತಾಯಿ ಗೋಡೆಯ ಕಡೆಗೆ ಮುಖ ತಿರುಗಿಸಿದ್ದರು.

"ಹೇಳ್ತಾರೆ" ಎಂದೆ. ಆಕೆ ನನ್ನ ಮೊಣಕೈ ಬಿಡಲಿಲ್ಲ.